ಹೊಸ ಪೆಟ್ಟಿಗೆಗೆ ವಯಸ್ಸು ತುಂಬಿದ ದಿನ

ಯಾವ ವಸ್ತುವೂ ಎಲ್ಲ ಕಡೆ ಒಂದೇ ಸಮ ಹಳತಾಗುವುದಿಲ್ಲ. ಕೈ ತಗಲುವ ಕಡೆ ಬಣ್ಣ ಸವೆಯುತ್ತದೆ, ಕೈ ಹೋಗದ ಸಂದಿಯಲ್ಲಿ ಕೊಳೆ ಕೂರುತ್ತದೆ. ಅದಕ್ಕೇ ಮೊನ್ನೆ ಮರದ ಪುಟ್ಟ ಪೆಟ್ಟಿಗೆಗೆ ಹಳೆಯ ಕಳೆ ಕೊಡಲು ಕೂತಾಗ, ಬ್ರಷ್ ಹಿಡಿಯುವ ಮೊದಲು ಅದರ ಮುಚ್ಚಳವನ್ನು ಸುಮ್ನೆ ತೆಗೆದು ಮುಚ್ಚಿ ಮಾಡಿದೆ. ಹೆಬ್ಬೆರಳು ಎಲ್ಲಿ ಬೀಳುತ್ತೆ, ಯಾವ ಅಂಚು ಮೇಜಿಗೆ ಉಜ್ಜುತ್ತೆ ಅಂತ ನೋಡಿಕೊಂಡೆ.

ಪೂರ್ತಿ ಕಡು ಕಂದು ಬಳಿದು ಒಣಗಿಸಿದೆ. ಹಾಗೆ ಗುರುತು ಮಾಡಿಕೊಂಡ ಜಾಗಕ್ಕೆ ಮಾತ್ರ ಮೇಣದಬತ್ತಿ ಉಜ್ಜಿದೆ. ಆಮೇಲೆ ಪಕ್ಕಗಳಿಗೆಲ್ಲ ತಿಳಿ ಹಸಿರು. ಮೇಣದ ಮೇಲೆ ಬಣ್ಣ ಗಟ್ಟಿಯಾಗಿ ಹಿಡಿಯುವುದಿಲ್ಲ. 220 ನಂಬರಿನ ಸ್ಯಾಂಡ್ ಪೇಪರ್‌ನಲ್ಲಿ ಮೆಲ್ಲಗೆ ತಿಕ್ಕಿದೆ. ಹಸಿರು ಪುಡಿಪುಡಿಯಾಗಿ ಉದುರಿ, ಅಡಿಯ ಕಂದು ಇಣುಕಿತು. ಎಷ್ಟೋ ಕೈ ಓಡಾಡಿದ ಅಂಚು ಅನ್ನಿಸಿಬಿಟ್ಟಿತು.

ನನಗೆ ತುಂಬಾ ಇಷ್ಟವಾಗಿದ್ದು ಮುಚ್ಚಳದ ಕೆಲಸ. ಕಂದಿನ ಮೇಲೆ ಬಿಳಿ ಅಂಟು ಬಳಿದೆ. ಬೆರಳಿಗೆ ಜಿಗುಟು ಹತ್ತುವಷ್ಟು ಆರಿದಾಗ ಅದರ ಮೇಲೆ ಕೆನೆ ಬಣ್ಣದ ಅಕ್ರಿಲಿಕ್ ಹಚ್ಚಿದೆ. ಬ್ರಷ್ ಒಂದೇ ದಿಕ್ಕಿಗೆ, ಒಂದೇ ಸಲ ಓಡಬೇಕು. ತಿದ್ದೋಣ ಅಂತ ಮತ್ತೆ ಎಳೆದರೆ ಅಂಟು ಬಣ್ಣದ ಜೊತೆ ಕಲಸಿಹೋಗುತ್ತದೆ. ಸ್ವಲ್ಪ ಹೊತ್ತಿಗೆ ಕೂದಲೆಳೆಯಂಥ ಗೆರೆಯೊಂದು ಕಂಡಿತು. ಅದರ ಪಕ್ಕ ಇನ್ನೊಂದು. ನೋಡನೋಡುತ್ತಲೇ ಬಾಯಿ ಬಿಟ್ಟು ಅಗಲವಾದವು. ಮೇಲಿನ ಬಣ್ಣ ಒಣಗುತ್ತಾ ಕುಗ್ಗುತ್ತದೆ, ಅಡಿಯ ಅಂಟು ಇನ್ನೂ ಹಸಿ. ಹಿಡಿತ ಸಿಗದೆ ಬಣ್ಣ ಸೀಳುತ್ತದೆ. ಬಣ್ಣ ದಪ್ಪಗಿದ್ದರೆ ದೊಡ್ಡ ಬಿರುಕು, ತೆಳುವಾಗಿದ್ದರೆ ಸಣ್ಣ ಬಿರುಕಿನ ಜಾಲ. ನಾನು ಅಲ್ಲಿಂದ ಏಳಲೇ ಇಲ್ಲ.

ಬಿರುಕು ಚೆನ್ನಾಗಿ ಬಂತೆಂದು ಪೆಟ್ಟಿಗೆಗೆಲ್ಲ ಹಬ್ಬಿಸಬಾರದು. ಜಾಸ್ತಿಯಾದರೆ ಕಣ್ಣಿಗೆ ನಿಲ್ಲಲು ಜಾಗವೇ ಇರುವುದಿಲ್ಲ, ಅಲ್ವಾ? ಪಕ್ಕಗಳಲ್ಲಿ ಹೂವಿನ ಕೆತ್ತನೆ ಇತ್ತು, ಅಲ್ಲಿ ಕೊಳೆ ಕೂರಿಸಿದರೆ ಸಾಕಿತ್ತು. ಮೊದಲು ಒಂದು ಕೋಟ್ ವಾರ್ನಿಶ್ ಹೊಡೆದೆ. ಹಾಗೆ ಮಾಡಿದರೆ ಮೇಲೆ ಹಚ್ಚಿದ್ದು ಸಲೀಸಾಗಿ ಒರೆಸಿ ಬರುತ್ತದೆ, ಅಡಿಯ ಬಣ್ಣವೂ ಉಳಿಯುತ್ತದೆ. ನೀರಾಗಿಸಿದ ಕಂದನ್ನು ಎಸಳುಗಳಿಗೆಲ್ಲ ಬಳಿದು, ಒಣಗುವ ಮೊದಲೇ ಹತ್ತಿ ಬಟ್ಟೆಯಲ್ಲಿ ಒರೆಸಿದೆ. ಎಸಳಿನ ಉಬ್ಬು ಹಸಿರಾಗಿಯೇ ಉಳಿಯಿತು, ಬುಡದ ಸಂದಿಯಲ್ಲಿ ಮಾತ್ರ ಕಪ್ಪು ನಿಂತಿತು.

ಮುಚ್ಚಳಕ್ಕೆ ಮಾತ್ರ ನೀರು ತಾಗಿಸಲಿಲ್ಲ, ನೀರು ಬಿದ್ದರೆ ಅಂಟು ಮತ್ತೆ ಮೆತ್ತಗಾಗುತ್ತದೆ. ರಾತ್ರಿಯಿಡೀ ಒಣಗಲು ಬಿಟ್ಟು, ಬೆಳಿಗ್ಗೆ ಹೊಳಪಿಲ್ಲದ ವಾರ್ನಿಶ್ ಸ್ಪ್ರೇ ಮಾಡಿದೆ. ಮಿರಮಿರ ಮಿಂಚುವ ವಾರ್ನಿಶ್ ಹಾಕಿದ್ದರೆ ಇಷ್ಟು ಕಷ್ಟಪಟ್ಟು ತಂದ ವಯಸ್ಸೆಲ್ಲ ಅಳಿಸಿಹೋಗುತ್ತಿತ್ತು.