ತುಕ್ಕಿನಲ್ಲಿ ಮೂಡಿದ ಹೆಬ್ಬೆಟ್ಟು

ಎಂ.ಎಸ್ಸಿ. ಕೊನೆಯ ವರ್ಷ ಬಳ್ಳಾರಿಯಲ್ಲಿ ನನಗೆ ಸಿಕ್ಕ ಪ್ರಾಜೆಕ್ಟು ಜಾಲಿ ತೊಗಟೆಯದು. ತೊಗಟೆಯ ಕಷಾಯ ಬೆರೆಸಿದರೆ ಆಸಿಡ್ಡು ಕಬ್ಬಿಣವನ್ನು ತಿನ್ನುವುದು ಎಷ್ಟು ಕಡಿಮೆಯಾಗುತ್ತದೆ ಅಂತ ತೂಕ ಹಾಕಿ ನೋಡಬೇಕಿತ್ತು. ನಮ್ಮ ಕಡೆ ಜಾಲಿಗೇನು ಕೊರತೆ, ಹೊಲದ ಬದುವಿಗೆ ಹೋದರೆ ಸಾಕು.

ಅವತ್ತು ಮಧ್ಯಾಹ್ನವೆಲ್ಲಾ ಕಬ್ಬಿಣದ ತುಂಡುಗಳನ್ನು ಎಮರಿ ಪೇಪರಿನಲ್ಲಿ ಉಜ್ಜಿದೆ. ಮುಖ ಕಾಣುವಷ್ಟು ಹೊಳಪು ಬಂತು. ಅಸಿಟೋನಿನಲ್ಲಿ ತೊಳೆದು, ಒಣಗಿಸಿ, ಚಿಮಟದಲ್ಲೇ ಹಿಡಿದು ತೂಕ ಮಾಡಿದೆ. ಕೊನೆಯದೊಂದು ಜಾರಿತು. ಬೀಳದಿರಲಿ ಅಂತ ಹೆಬ್ಬೆರಳಿನಲ್ಲಿ ಒತ್ತಿ ಹಿಡಿದೆ. ಒಂದು ಸಲ ಮುಟ್ಟಿದರೆ ಏನಾದೀತು ಅನ್ನಿಸಿತು. ಹಾಗೇ ತಟ್ಟೆಯಲ್ಲಿಟ್ಟು ಮನೆಗೆ ಹೋದೆ. ರಾತ್ರಿ ಜೋರು ಮಳೆ.

ಬೆಳಿಗ್ಗೆ ಬಂದು ನೋಡಿದರೆ ಉಳಿದವೆಲ್ಲ ಹೊಳೆಯುತ್ತಿದ್ದವು. ಆ ಒಂದರ ಮೇಲೆ ಮಾತ್ರ ನನ್ನ ಹೆಬ್ಬೆಟ್ಟು. ಕಂದು ತುಕ್ಕಿನಲ್ಲಿ, ಗೆರೆ ಗೆರೆಯಾಗಿ. ಲೆನ್ಸ್ ಹಿಡಿದರೆ ನಡುವಿನ ಸುಳಿಯೂ ಕಂಡಿತು.

"ಬೆವರಲ್ಲಿ ಉಪ್ಪಿರುತ್ತೆ ಅಲ್ವಾ? ಅದು ಪದರ ಒಡೆದುಬಿಡುತ್ತೆ ಕಣಮ್ಮಾ" ಅಂದರು ನಮ್ಮ ಮೇಡಂ. ಬೈಯಲಿಲ್ಲ.

ಉಜ್ಜಿದ ಕಬ್ಬಿಣಕ್ಕೆ ಗಾಳಿ ತಾಗಿದ್ದೇ ತಡ, ಮೈತುಂಬ ಆಕ್ಸೈಡಿನ ಪದರವೊಂದು ಕೂರುತ್ತದೆ. ದಪ್ಪ ಕೆಲವೇ ನ್ಯಾನೊಮೀಟರ್. ಒಂದು ಮಿಲಿಮೀಟರಿಗೆ 10 ಲಕ್ಷ ನ್ಯಾನೊಮೀಟರ್ ಅಂದರೆ ಲೆಕ್ಕ ಹಾಕಿ. ಗಟ್ಟಿ ನೈಟ್ರಿಕ್ ಆಸಿಡ್ಡಿನಲ್ಲಿ ಮುಳುಗಿಸಿದರೂ ಕಬ್ಬಿಣ ಸುಮ್ನೆ ಇರುವುದಕ್ಕೆ ಇಂಥ ಪದರವೇ ಕಾರಣವಿರಬೇಕು ಅಂತ ವಿಜ್ಞಾನಿ ಮೈಕೆಲ್ ಫ್ಯಾರಡೆ 1836ರಲ್ಲೇ ಹೇಳಿದ್ದರು. ಪರೀಕ್ಷೆಗೆ ಅದನ್ನೆಲ್ಲ ಬಾಯಿಪಾಠ ಮಾಡಿದ್ದೆ. ಕಣ್ಣಿಗೆ ಕಾಣದ ಆ ಪದರ ನಿಜವಾಗಿ ಇದೆ ಅನ್ನಿಸಿದ್ದು ಮಾತ್ರ ಅವತ್ತು, ಅದು ಒಡೆದ ಜಾಗ ನೋಡಿ. ನಮ್ಮವ್ವ ರೊಟ್ಟಿ ಹಂಚನ್ನು ಉಜ್ಜಿ ಬೆಳಗಲು ಯಾವತ್ತೂ ಬಿಟ್ಟವಳಲ್ಲ. ಎಣ್ಣೆ ಕಾದು ಕಾದು ಕೂತ ಆ ಕರಿ ಹೋದರೆ ಹಂಚು ಮರುದಿನವೇ ಕೆಂಪಾಗುತ್ತದೆ ಅನ್ನುತ್ತಿದ್ದಳು.

ಪ್ರಯೋಗ ನಡೆಯಿತು. ಬರೀ ಆಸಿಡ್ಡಿನ ಬೀಕರಿನಲ್ಲಿ ಗುಳ್ಳೆಗಳು ಬುಸಬುಸ ಏಳುತ್ತಿದ್ದವು. ಕಷಾಯ ಬೆರೆಸಿದ್ದರಲ್ಲಿ ಅಲ್ಲೊಂದು ಇಲ್ಲೊಂದು. ತೊಗಟೆಯಲ್ಲಿರುವ ಟ್ಯಾನಿನ್ ಅನ್ನೋ ಒಗರು ಪದಾರ್ಥ ಕಬ್ಬಿಣಕ್ಕೆ ಅಂಟಿಕೊಂಡು ಆಸಿಡ್ಡಿಗೆ ಜಾಗ ಬಿಡುವುದಿಲ್ಲ. ಎಷ್ಟು ಹೊತ್ತು ನೋಡುತ್ತಾ ನಿಂತಿದ್ದೆನೋ.

ಕೆಟ್ಟ ತುಂಡನ್ನು ಎಸೆಯಲು ಮನಸ್ಸಾಗಲಿಲ್ಲ. ಆಸಿಡ್ಡಿಲ್ಲದ ಕಷಾಯ ಸವರಿ ಕಿಟಕಿಯ ಹತ್ತಿರ ಇಟ್ಟೆ. ತುಕ್ಕಿಗೆ ಟ್ಯಾನಿನ್ ಸೇರಿದರೆ ಮಸಿಯ ಬಣ್ಣ ಬರುತ್ತದೆ. ಸಂಜೆ ಹೊತ್ತಿಗೆ ಕಂದು ಗೆರೆಗಳು ನೀಲಿಗಪ್ಪಾಗಿದ್ದವು, ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ಹಾಗೆ. ಹತ್ತಿಯಲ್ಲಿ ಸುತ್ತಿ ಡಬ್ಬಿಯೊಳಗೆ ಇಟ್ಟುಕೊಂಡೆ. ಈ ಸಲ ಚಿಮಟದಲ್ಲೇ ಹಿಡಿದಿದ್ದೆ.