ಓಸ್ಲೋ ನಮ್ಮಂಥವರಿಗೆ ಕೈಗೆಟುಕುತ್ತಾ?

ನಾರ್ವೆಯ ಓಸ್ಲೋದಲ್ಲಿ ಆರು ದಿನ ಇದ್ದು ಬಂದೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ. "ಅಲ್ಲಿ ಒಂದು ಕಪ್ ಕಾಫಿಗೆ 400 ರೂಪಾಯಿ ಅಂತಲ್ಲ! ತಿಂಗಳ ಸಂಬಳ ನಂಬಿಕೊಂಡಿರುವ ನಮ್ಮಂಥವರು ಹೋಗೋದು ಹೇಗೆ?"

ಕಾಫಿಯ ಮಾತು ನಿಜ. ನಾನು ಹೋದಾಗ ಅಲ್ಲಿನ ಒಂದು ಕ್ರೋನಕ್ಕೆ ನಮ್ಮ 8-9 ರೂಪಾಯಿ ಇತ್ತು. ಹೋಟೆಲಿನಲ್ಲಿ ಕೂತು ಒಂದು ಊಟ ಮಾಡಿದರೆ 2000 ರೂಪಾಯಿ ಹೋಯಿತು ಅಂತಲೇ ಇಟ್ಟುಕೊಳ್ಳಿ. ಆದರೆ ಆ ಊರಿನವರೇ ದಿನಾ ಹಾಗೆ ತಿನ್ನುವುದಿಲ್ಲ. ಅವರು ಹೇಗೆ ಇರುತ್ತಾರೋ ನಾವೂ ಹಾಗೇ ಇದ್ದರೆ ಖರ್ಚು ತಾನಾಗಿಯೇ ಇಳಿಯುತ್ತದೆ.

ಇದು ನನಗೆ ಗೊತ್ತಾಗಿದ್ದು ಎರಡನೇ ದಿನ. ಮೆಟ್ರೋದ 5ನೇ ಲೈನ್ ಹಿಡಿದು ಸಾಗ್ನ್ಸ್‌ವಾನ್ ಕೆರೆಗೆ ಹೋಗಿದ್ದೆ. ಮೆಟ್ರೋ ಅಲ್ಲಿಗೇ ಮುಗಿಯುತ್ತದೆ, ಕಾಡು ಅಲ್ಲಿಂದಲೇ ಶುರು. ಪಕ್ಕದ ಬೆಂಚಿನಲ್ಲಿ ವಯಸ್ಸಾದ ಗಂಡ ಹೆಂಡತಿ ಕೂತಿದ್ದರು. ಆಕೆ ಬ್ಯಾಗಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ತೊಡೆಯ ಮೇಲೆ ಬಿಚ್ಚಿದರು. ಒಳಗೆ ನಾಲ್ಕು ಬ್ರೆಡ್ ಹೋಳು, ಒಂದೊಂದರ ಮೇಲೂ ಬೆಲ್ಲದ ಬಣ್ಣದ ಚೀಸ್. ಒಂದಕ್ಕೊಂದು ಅಂಟದ ಹಾಗೆ ನಡುವೆ ತೆಳು ಕಾಗದ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡರು. ತಿಂದಾದ ಮೇಲೆ ಕಾಗದ ಮಡಚಿ ಮತ್ತೆ ಬ್ಯಾಗಿಗೆ. ಅದಕ್ಕೆ ಅಲ್ಲಿ ಮಾತ್‌ಪಾಕೆ ಅನ್ನುತ್ತಾರೆ. ಆಫೀಸಿಗೆ ಹೋಗುವವರು, ಶಾಲೆ ಮಕ್ಕಳು, ಬೆಟ್ಟ ಹತ್ತುವವರು ಎಲ್ಲರೂ ಕಟ್ಟಿಕೊಂಡು ಹೋಗುವುದು ಅದನ್ನೇ. ನಮ್ಮ ಬುತ್ತಿ, ಅಲ್ವಾ? ನೋಡಿ ಎಷ್ಟು ಸಮಾಧಾನವಾಯಿತು ಅಂದರೆ, ಮರುದಿನದಿಂದ ನಾನೂ ಬುತ್ತಿ ಕಟ್ಟಿದೆ.

ಅದಕ್ಕೇ ಮೊದಲ ಮಾತು, ಪ್ರವಾಸಿಗರು ಉಳಿಯುವ, ಅಡುಗೆಮನೆ ಇರುವ ಹಾಸ್ಟೆಲ್ ಹುಡುಕಿ. ಎರಡನೆಯದು, ಇಲ್ಲಿಂದಲೇ ಅವಲಕ್ಕಿ, ಶೇಂಗಾ ಚಟ್ನಿಪುಡಿ ಒಯ್ಯಿರಿ. ತುಪ್ಪ, ಪೇಡಾ ಮಾತ್ರ ಬೇಡ, ಹೊರಗಿನಿಂದ ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲ. ಬ್ರೆಡ್ಡು, ಆಲೂಗಡ್ಡೆ, ಹಾಲಿಗೆ ಕೀವಿ ಅಥವಾ ರೆಮಾ 1000 ಅಂಗಡಿ ಸಾಕು. ಸೊಪ್ಪು ತರಕಾರಿಗೆ ಗ್ರೋನ್‌ಲಾಂಡ್ ಬಡಾವಣೆಗೆ ಹೋಗಿ. ದೊಡ್ಡ ರೈಲು ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆ. 1970ರ ಸುಮಾರಿಗೆ ಕೆಲಸಕ್ಕೆಂದು ಬಂದು ನೆಲೆಸಿದ ಪಾಕಿಸ್ತಾನಿ ಕುಟುಂಬಗಳ ಅಂಗಡಿಗಳು ಅಲ್ಲಿವೆ. ಕೊತ್ತಂಬರಿ ಕಟ್ಟು, ಹಸಿಮೆಣಸಿನಕಾಯಿ, ತೊಗರಿಬೇಳೆ ಎಲ್ಲಾ ಸಿಗುತ್ತದೆ. ಭಾನುವಾರ ದೊಡ್ಡ ಅಂಗಡಿಗಳು ಹೆಚ್ಚುಕಮ್ಮಿ ಎಲ್ಲವೂ ಬಾಗಿಲು ಹಾಕುತ್ತವೆ, ಶನಿವಾರವೇ ಸಾಮಾನು ತಂದಿಟ್ಟುಕೊಳ್ಳಿ. ನೀರಿನ ಬಾಟಲಿಗೆ ಒಂದು ರೂಪಾಯಿಯೂ ಕೊಡಬೇಡಿ. ನಲ್ಲಿ ನೀರೇ ಚೆನ್ನಾಗಿದೆ.

ಏರ್‌ಪೋರ್ಟಿನಿಂದ ಊರಿಗೆ ಎರಡು ಥರದ ರೈಲು ಇವೆ. ಎಕ್ಸ್‌ಪ್ರೆಸ್ ಎದುರಿಗೇ ಕಾಣುತ್ತದೆ, ಬೋರ್ಡೂ ದೊಡ್ಡದು. ಮಾಮೂಲಿ ರೈಲು ಅದಕ್ಕಿಂತ ನಾಲ್ಕೈದು ನಿಮಿಷ ತಡ ಅಷ್ಟೇ, ಟಿಕೆಟ್ ಮಾತ್ರ ಹೆಚ್ಚುಕಮ್ಮಿ ಅರ್ಧ. ಬೋರ್ಡು ನೋಡಿ ನಾನು ದುಬಾರಿಯದನ್ನೇ ಹತ್ತಿಬಿಟ್ಟೆ. ನೀವು ಹತ್ತಬೇಡಿ.

ಊರೊಳಗೆ 24 ಗಂಟೆಯ ಟಿಕೆಟ್ ತೆಗೆದುಕೊಳ್ಳಿ, ಸುಮಾರು 130 ಕ್ರೋನ. ಮೆಟ್ರೋ, ಟ್ರಾಮ್, ಬಸ್ಸು ಮಾತ್ರ ಅಲ್ಲ, ಹತ್ತಿರದ ದ್ವೀಪಗಳಿಗೆ ಹೋಗುವ ದೋಣಿಗೂ ಅದೇ ಟಿಕೆಟ್. ಪ್ರವಾಸಿಗರ ದೋಣಿಗೆ ಸುಮ್ನೆ ದುಡ್ಡು ಸುರಿಯುವ ಬದಲು ಈ ದೋಣಿಯಲ್ಲಿ ಹೋವೆಡೋಯಾಗೆ ಹೋಗಿ. 1147ರಲ್ಲಿ ಇಂಗ್ಲೆಂಡಿನಿಂದ ಬಂದ ಸನ್ಯಾಸಿಗಳು ಕಟ್ಟಿದ ಮಠದ ಗೋಡೆಗಳು ಹುಲ್ಲಿನ ನಡುವೆ ಇನ್ನೂ ನಿಂತಿವೆ. ಜೂನಿನಲ್ಲಿ ರಾತ್ರಿ ಹತ್ತೂವರೆವರೆಗೂ ಬೆಳಕಿರುತ್ತದೆ, ಒಂದು ಟಿಕೆಟ್ಟಿಗೆ ಎರಡು ದಿನದಷ್ಟು ತಿರುಗಬಹುದು. ಟಿಕೆಟ್ ಇಲ್ಲದೆ ಮಾತ್ರ ಹತ್ತಲೇಬೇಡಿ. ಗೇಟು ಇರುವುದಿಲ್ಲ, ನಂಬಿಕೆಯ ಮೇಲೆ ನಡೆಯುವ ವ್ಯವಸ್ಥೆ. ಚೆಕಿಂಗ್‌ನವರು ಬಂದರೆ ದಂಡ ತುಂಬಾ ಜಾಸ್ತಿ.

ಇನ್ನು ನೋಡುವುದು. ವಿಗೆಲಾನ್ ಪಾರ್ಕಿಗೆ ಟಿಕೆಟ್ಟಿಲ್ಲ. 200ಕ್ಕೂ ಹೆಚ್ಚು ಶಿಲ್ಪಗಳಿವೆ. ನಡುವಿನ ಒಂದೇ ಕಲ್ಲಿನ ಕಂಬದಲ್ಲಿ 121 ಜನ ಒಬ್ಬರ ಮೇಲೊಬ್ಬರು ಹೆಣೆದುಕೊಂಡು ಮೇಲೇರುತ್ತಾರೆ. 2008ರಲ್ಲಿ ತೆರೆದ ಒಪೆರಾ ಹೌಸಿನ ಬಿಳಿ ಅಮೃತಶಿಲೆಯ ಚಾವಣಿ ಸಮುದ್ರದ ಅಂಚಿನಿಂದಲೇ ಇಳಿಜಾರಾಗಿ ಮೇಲೇರುತ್ತದೆ. ಯಾರು ಬೇಕಾದರೂ ನಡೆದು ಹತ್ತಬಹುದು.

ಅದರ ಹತ್ತಿರದಲ್ಲೇ ಡೈಕ್‌ಮನ್ ಲೈಬ್ರರಿ, ಶುರುವಾಗಿದ್ದು 2020ರಲ್ಲಿ. ಮಳೆ ಬಂದರೆ ಇಡೀ ದಿನ ಇಲ್ಲೇ ಕೂರಬಹುದು, ಯಾಕೆ ಬಂದಿರಿ ಅಂತ ಯಾರೂ ಕೇಳುವುದಿಲ್ಲ. ನನ್ನ ಮನಸ್ಸಿನಲ್ಲಿ ಉಳಿದಿರುವುದು ಅಲ್ಲಿನ ಮೇಲಿನ ಮಹಡಿಯ ಒಂದು ಪುಟ್ಟ ಕೋಣೆ. ಅದರ ಕಥೆ ಹೀಗೆ: 2014ರಲ್ಲಿ ಊರಾಚೆಯ ಕಾಡಿನಲ್ಲಿ 1000 ಗಿಡ ನೆಟ್ಟರು. ವರ್ಷಕ್ಕೊಬ್ಬ ಲೇಖಕರು ಒಂದು ಹಸ್ತಪ್ರತಿ ಕೊಡುತ್ತಾರೆ. ಅದನ್ನು ಯಾರೂ ಓದುವ ಹಾಗಿಲ್ಲ. 2114ರಲ್ಲಿ ಆ ಮರಗಳಿಂದ ಕಾಗದ ಮಾಡಿ ನೂರನ್ನೂ ಅಚ್ಚು ಹಾಕುತ್ತಾರೆ. ಅಲ್ಲಿಯವರೆಗೆ ಅವು ಇರುವುದು ಈ ಕೋಣೆಯ ಗೋಡೆಯಲ್ಲಿ, ನೂರು ಗಾಜಿನ ಡ್ರಾಯರ್‌ಗಳಲ್ಲಿ. ಆ ಗಿಡಗಳಿಗೆ ಜಾಗ ಮಾಡಲು ಕಡಿದ ಮರಗಳದ್ದೇ ಗೋಡೆ. ಒಳಗೆ ಹೊಸ ಮರದ ವಾಸನೆ. ನಾವ್ಯಾರೂ ಓದಲಾರದ ಪುಸ್ತಕಗಳ ನಡುವೆ ಕೂತು ಎದ್ದು ಬರಲು ಮನಸ್ಸಾಗಲಿಲ್ಲ. ಅದಕ್ಕೂ ಟಿಕೆಟ್ ಇಲ್ಲ.

ಜುಗ್ಗತನ ಮಾಡಬಾರದ ಜಾಗ ಅಂದರೆ ಎರಡೇ, ಒಳ್ಳೆ ಮಳೆ ಜಾಕೆಟ್ಟು, ಒಳ್ಳೆ ಬೂಟು. ಬೇಸಿಗೆಯಲ್ಲೂ ಮಳೆ ಹೇಳದೆ ಕೇಳದೆ ಬರುತ್ತದೆ.

ಲೆಕ್ಕ ಬೇಕು ಅನ್ನುವವರಿಗೆ ಹೇಳುತ್ತೇನೆ. ವಿಮಾನ, ವೀಸಾ ಬಿಟ್ಟು ದಿನಕ್ಕೆ ನನಗೆ ಆಗಿದ್ದು 700 ಕ್ರೋನ. ಡಾರ್ಮಿಟರಿಯ ಹಾಸಿಗೆಗೆ 450, ಓಡಾಟಕ್ಕೆ 130, ಊಟ ತಿಂಡಿಗೆ 120. ಕೊನೆಯ ದಿನ ಮಾತ್ರ ಇನ್ನೊಂದು 50 ಜಾಸ್ತಿ. ಅವತ್ತು ಬೇಕೆಂದೇ ಒಂದು ಕೆಫೆಗೆ ಹೋಗಿ, ಕಿಟಕಿ ಪಕ್ಕ ಒಂದು ಗಂಟೆ ಕೂತು ಆ 400 ರೂಪಾಯಿಯ ಕಾಫಿ ಕುಡಿದೆ. ಚೆನ್ನಾಗಿತ್ತು.