ಯಾವ ಸ್ವರ ತಳದಲ್ಲಿದೆ?

ಸುಮಾರು ಎರಡು ವರ್ಷಗಳ ಹಿಂದೆ ಪಿಯಾನೋದ ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳನ್ನು, ಕಿವಿಯಿಂದಲೇ ಗುರುತಿಸುವ ಅಭ್ಯಾಸವನ್ನು ಆರಂಭಿಸಿದಾಗ, ಮೇಜರ್ ಯಾವುದು, ಮೈನರ್ ಯಾವುದು ಎಂಬುದು ಕೆಲವೇ ವಾರಗಳಲ್ಲಿ ತಿಳಿಯತೊಡಗಿತು. ಆದರೆ ಕೇಳಿಸಿದ ಕಾರ್ಡ್ ಯಾವ ಇನ್ವರ್ಷನ್‌ನಲ್ಲಿದೆ, ಅಂದರೆ ಅದರ ಯಾವ ಸ್ವರ ತಳದಲ್ಲಿದೆ ಎಂಬ ಪ್ರಶ್ನೆ ಬಹುಕಾಲ ನನ್ನನ್ನು ಕಾಡಿತು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಎಲ್ಲಿ ದಾರಿ ತಪ್ಪಿದೆ, ಯಾವುದರಿಂದ ಕಿವಿ ತೆರೆಯಿತು ಎಂಬುದನ್ನು ಬರೆದಿಡಬೇಕೆನಿಸಿದೆ.

ಇಲ್ಲಿ ಸರಿಗಮದ ಹೆಸರುಗಳನ್ನೇ ಬಳಸುತ್ತೇನೆ. ಸ್ವರಗಳು ಮೇಜರ್ ಸ್ಕೇಲಿನವು, ಅಂದರೆ ಶಂಕರಾಭರಣದವು. ಸ, ಗ, ಪ ಒಟ್ಟಿಗೆ ನುಡಿದರೆ ಮೇಜರ್ ಕಾರ್ಡ್. ತಳದಲ್ಲಿ ಸ ಇದ್ದರೆ ಅದು ರೂಟ್ ಪೊಸಿಷನ್, ಗ ಇದ್ದರೆ ಮೊದಲ ಇನ್ವರ್ಷನ್, ಪ ಇದ್ದರೆ ಎರಡನೆಯ ಇನ್ವರ್ಷನ್. ಮೇಲಿನ ಸ್ವರಗಳು ಯಾವ ಕ್ರಮದಲ್ಲಿವೆ, ಎಷ್ಟು ಸಲ ಬಂದಿವೆ ಎಂಬುದು ಇದನ್ನು ಬದಲಿಸುವುದಿಲ್ಲ. ಈ ಕೊನೆಯ ಮಾತನ್ನು ನಾನು ಓದಿ ತಿಳಿದಿದ್ದೆನೇ ಹೊರತು ಕಿವಿಯಿಂದ ತಿಳಿದಿರಲಿಲ್ಲ.

ಮೊದಲು ನಾನು ಒಂದು ಆ್ಯಪ್‌ನಲ್ಲಿ ಅಭ್ಯಾಸ ಮಾಡುತ್ತಿದ್ದೆ. ಅದು ಮೂರು ಸ್ವರಗಳನ್ನು ಒತ್ತೊತ್ತಾಗಿ ಜೋಡಿಸಿ ನುಡಿಸುತ್ತಿತ್ತು, ನಾನು ಉತ್ತರವನ್ನು ಒತ್ತುತ್ತಿದ್ದೆ, ಹತ್ತರಲ್ಲಿ ಒಂಬತ್ತು ಸಲ ಅದು ಸರಿಯಾಗಿರುತ್ತಿತ್ತು. ವಾಸ್ತವದಲ್ಲಿ ನನ್ನ ಕಿವಿ ಹಿಡಿಯುತ್ತಿದ್ದುದು ಎಲ್ಲಕ್ಕಿಂತ ಮೇಲಿನ ಸ್ವರವನ್ನು. ಒತ್ತಾದ ಜೋಡಣೆಯಲ್ಲಿ ಸ-ಗ-ಪ ಎಂದರೆ ನೆತ್ತಿಯ ಮೇಲೆ ಪ, ಗ-ಪ-ಸ ಎಂದರೆ ಸ, ಪ-ಸ-ಗ ಎಂದರೆ ಗ ಬರುವುದರಿಂದ ಆ ಅಡ್ಡದಾರಿ ಅಲ್ಲಿ ಸಲೀಸಾಗಿ ನಡೆಯುತ್ತಿತ್ತು.

ಪಿಯಾನೋ ಬಲ್ಲ ಗೆಳೆಯರೊಬ್ಬರು ಒಂದು ಸಂಜೆ ಎಡಗೈಯಲ್ಲಿ ಕೆಳಸ್ಥಾಯಿಯ ಗ ಒಂದನ್ನೇ, ಬಲಗೈಯಲ್ಲಿ ಸ-ಗ-ಪ ನುಡಿಸಿ, ಇದು ಯಾವುದು ಎಂದು ಕೇಳಿದರು. ನಾನು ಹಿಂದೆಮುಂದೆ ನೋಡದೆ ರೂಟ್ ಪೊಸಿಷನ್ ಎಂದೆ. ಅವರು ಏನನ್ನೂ ಹೇಳದೆ ಬಲಗೈಯನ್ನು ಎತ್ತಿದರು. ಎಡಗೈಯ ಒಂದು ಕೀ ಮಾತ್ರ ಒತ್ತಿದಂತೆಯೇ ಉಳಿಯಿತು. ಕೋಣೆಯಲ್ಲಿ ಗ ಒಂದೇ ನಿಧಾನವಾಗಿ ಕ್ಷೀಣಿಸುತ್ತ ನಿಂತಿತ್ತು. ಅದು ಮೊದಲಿನಿಂದಲೂ ಅಲ್ಲೇ ಇತ್ತು, ನಾನೇ ಅದರತ್ತ ಕಿವಿಗೊಟ್ಟಿರಲಿಲ್ಲ.

ಅಂದಿನಿಂದ ಅಭ್ಯಾಸದ ಕ್ರಮವನ್ನೇ ಬದಲಿಸಿದೆ. ಕಾರ್ಡ್ ಕೇಳಿದೊಡನೆ ಹೆಸರು ಹೇಳುವುದನ್ನು ಬಿಟ್ಟು, ತಳದ ಸ್ವರವನ್ನು ಬಾಯಿಂದ ಗುನುಗಿ ಹಿಡಿದುಕೊಳ್ಳುತ್ತೇನೆ. ನನ್ನ ಧ್ವನಿ ಅಷ್ಟು ಕೆಳಗೆ ಇಳಿಯದಿದ್ದರೆ ಅದೇ ಸ್ವರವನ್ನು ಒಂದು ಸ್ಥಾಯಿ ಮೇಲೆ ಗುನುಗುತ್ತೇನೆ. ಅಲ್ಲಿಂದ ಕಾರ್ಡ್‌ನ ಉಳಿದ ಸ್ವರಗಳನ್ನು ಒಂದೊಂದಾಗಿ ಮೇಲಕ್ಕೆ ಹಾಡುತ್ತ, ಸ ದಿಂದ ಮ ಕ್ಕೆ ಏರುವಾಗ ಸಿಗುವಂಥ 5 ಸ್ವರಸ್ಥಾನಗಳ (ಪಕ್ಕಪಕ್ಕದ ಕಪ್ಪು, ಬಿಳಿ ಕೀಗಳನ್ನೆಲ್ಲ ಎಣಿಸಿದರೆ 5 ಹೆಜ್ಜೆಗಳ) ಜಿಗಿತ ಎಲ್ಲಿದೆ ಎಂದು ನೋಡುತ್ತೇನೆ. ರೂಟ್ ಪೊಸಿಷನ್ನಿನಲ್ಲಿ ಆ ಜಿಗಿತವೇ ಇರುವುದಿಲ್ಲ. ಮೊದಲ ಇನ್ವರ್ಷನ್‌ನಲ್ಲಿ ಅದು ಮೇಲ್ಭಾಗದಲ್ಲಿ, ಪ ದಿಂದ ಸ ಕ್ಕೆ ಇರುತ್ತದೆ. ಎರಡನೆಯದರಲ್ಲಿ ಅದೇ ಪ-ಸ ಜಿಗಿತ ತಳದಿಂದಲೇ ಆರಂಭವಾಗುತ್ತದೆ. ಎರಡೂ ಸಂದರ್ಭಗಳಲ್ಲಿ ಜಿಗಿತ ಮುಗಿಯುವ ಸ್ವರವೇ ಕಾರ್ಡ್‌ನ ಮೂಲಸ್ವರ, ಅಂದರೆ ರೂಟ್.

ಈ ಗುರುತು ನನಗೆ ಅಚ್ಚುಮೆಚ್ಚಾಗಲು ಕಾರಣವಿದೆ. ತಳದ ಮತ್ತು ತುದಿಯ ಸ್ವರಗಳ ನಡುವಿನ ಅಂತರವನ್ನು ಅಳೆಯುವ ಇನ್ನೊಂದು ಉಪಾಯವನ್ನು ಹಲವರು ಹೇಳುತ್ತಾರೆ. ಮೇಜರ್ ಕಾರ್ಡ್‌ನಲ್ಲಿ ಆ ಅಂತರ ಮೊದಲ ಇನ್ವರ್ಷನ್‌ಗೆ 8 ಸ್ವರಸ್ಥಾನ, ಎರಡನೆಯದಕ್ಕೆ 9. ಆದರೆ ಗ ಒಂದು ಸ್ವರಸ್ಥಾನ ತಗ್ಗಿರುವ ಮೈನರ್ ಕಾರ್ಡ್‌ನಲ್ಲಿ ಇದು ತಲೆಕೆಳಗಾಗಿ, ಮೊದಲನೆಯದಕ್ಕೆ 9, ಎರಡನೆಯದಕ್ಕೆ 8 ಆಗುತ್ತದೆ. ಹೀಗಾಗಿ ಆ ಲೆಕ್ಕವನ್ನು ನೆಚ್ಚಿಕೊಂಡವರು ಮೈನರ್ ಬಂದಾಗಲೆಲ್ಲ ತಡವರಿಸುತ್ತಾರೆ, ನಾನೂ ತಡವರಿಸಿದ್ದೇನೆ. ಪ-ಸ ಜಿಗಿತ ಮಾತ್ರ ಮೇಜರ್‌ಗೂ ಮೈನರ್‌ಗೂ ಒಂದೇ.

ಇವೆಲ್ಲ ಒಂದೇ ಕಾರ್ಡ್‌ನ ರೂಪಗಳು, ತಳದಲ್ಲಿ ಯಾವುದೇ ಸ್ವರವಿದ್ದರೂ ಮೂಲಸ್ವರ ಒಂದೇ ಎಂಬ ವಾದವನ್ನು ಫ್ರಾನ್ಸಿನ ಸಂಯೋಜಕ ಜಾನ್-ಫಿಲಿಪ್ ರಾಮೋ 1722ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವ್ಯವಸ್ಥಿತವಾಗಿ ಮಂಡಿಸಿದರು. ಅವರಿಗಿಂತ ಹಿಂದಿನ ವಾದಕರಾದರೋ ಬೇಸ್, ಅಂದರೆ ತಳದ ಸ್ವರದ ಜೊತೆ ಬರೆದ 6 ಅಥವಾ 6, 4 ಎಂಬ ಅಂಕಿಗಳನ್ನು ನೋಡಿ, ಬೇಸ್‌ನಿಂದ ಎಣಿಸಿ ಮೇಲಿನ ಸ್ವರಗಳನ್ನು ತುಂಬುತ್ತಿದ್ದರು. ಕಾರ್ಡ್‌ಗಳನ್ನು ಅರ್ಥಮಾಡಿಕೊಳ್ಳಲು ರಾಮೋ ಅವರ ದೃಷ್ಟಿ ಬೇಕೇ ಬೇಕು, ಆದರೆ ಕಿವಿಯನ್ನು ಪಳಗಿಸಲು ಹಳಬರ ಎಣಿಕೆಯೇ ಮೊದಲು ಬರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ತಳದ ಸ್ವರ ಸಿಗದೆ ಮೂಲಸ್ವರವನ್ನು ಊಹಿಸಲು ಹೊರಟಾಗಲೆಲ್ಲ ನಾನು ಎಡವಿದ್ದೇನೆ.

ಬಿಡಿ ಕಾರ್ಡ್‌ಗಳಿಂದ ಹಾಡಿಗೆ ಬಂದಾಗ ಗುನುಗುವಿಕೆ ಇನ್ನಷ್ಟು ಫಲ ಕೊಟ್ಟಿತು. ಸ, ಪ, ದ ಮೂಲಸ್ವರಗಳಾಗಿರುವ ಸ-ಕಾರ್ಡ್, ಪ-ಕಾರ್ಡ್, ದ-ಕಾರ್ಡ್ ಎಂಬ ಬಹಳ ಬಳಕೆಯ ಸರಣಿಯನ್ನೇ ತೆಗೆದುಕೊಳ್ಳಿ. ಮೂರೂ ರೂಟ್ ಪೊಸಿಷನ್ನಿನಲ್ಲಿದ್ದರೆ ಬೇಸ್ ಸ ದಿಂದ ಪ ಕ್ಕೆ ಹಾರಿ, ಅಲ್ಲಿಂದ ದ ಕ್ಕೆ ಹೆಜ್ಜೆಯಿಡುತ್ತದೆ. ನಡುವಿನ ಪ-ನಿ-ರಿ ಕಾರ್ಡ್ ಮೊದಲ ಇನ್ವರ್ಷನ್‌ಗೆ ತಿರುಗಿದರೆ ಬೇಸ್ ಸ-ನಿ-ದ ಎಂದು ಮೆಟ್ಟಿಲಿಳಿದಂತೆ ಇಳಿಯುತ್ತದೆ. ಕಾರ್ಡ್‌ಗಳು ಅವೇ, ಮೇಲಿನ ರಾಗವೂ ಅದೇ ಇರಬಹುದು, ಆದರೂ ನಡಿಗೆ ಬೇರೆ. ಇವೆರಡನ್ನೂ ಒಂದಾದ ಮೇಲೊಂದು ನುಡಿಸಿ, ಬೇಸನ್ನು ಮಾತ್ರ ಗುನುಗಿ ನೋಡಿದವರಿಗೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಫೋನಿನ ಪುಟ್ಟ ಸ್ಪೀಕರ್ ತಗ್ಗಿನ ಸ್ವರಗಳನ್ನು ಸರಿಯಾಗಿ ಹೊರಡಿಸಲಾರದು. ಇದಕ್ಕೆ ಹೆಡ್‌ಫೋನ್ ಅಗತ್ಯ.

ಎರಡನೆಯ ಇನ್ವರ್ಷನ್‌ನ ಗುಟ್ಟು ಸಂದರ್ಭದಲ್ಲಿದೆ. ಸ್ವರಗಳ ಕಂಪನಗಳ ಶುದ್ಧ ಅನುಪಾತದಲ್ಲಿ ಮೇಜರ್ ಕಾರ್ಡ್‌ನ ರೂಟ್ ಪೊಸಿಷನ್ 4:5:6, ಮೊದಲ ಇನ್ವರ್ಷನ್ 5:6:8, ಎರಡನೆಯದು 3:4:5. ಸಂಖ್ಯೆಗಳ ಸರಳತೆಯೇ ಸ್ಥಿರತೆಯಾಗಿದ್ದರೆ ಮೂರರಲ್ಲಿ ಎರಡನೆಯ ಇನ್ವರ್ಷನ್ನೇ ಹೆಚ್ಚು ನೆಮ್ಮದಿಯದಾಗಬೇಕಿತ್ತು. ಒಂಟಿಯಾಗಿ ಕೇಳಿದಾಗ ಅದು ಹಾಗೆ ತೋರುವುದೂ ಉಂಟು. ಆದರೆ ಹಾಡಿನ ಸಾಲು ಮುಗಿಯುವ ಜಾಗದಲ್ಲಿ ಬೇಸ್ ಪ ದ ಮೇಲೆ ನಿಂತು, ಮೇಲೆ ಸ ಮತ್ತು ಗ ನುಡಿದಾಗ, ಕಿವಿ ಅವೆರಡನ್ನೂ ತೂಗಾಡುತ್ತಿರುವ ಸ್ವರಗಳೆಂದೇ ಗ್ರಹಿಸುತ್ತದೆ. ಬೇಸ್ ಕದಲುವುದಿಲ್ಲ, ಗ ರಿ ಗೆ, ಸ ನಿ ಗೆ ಇಳಿಯುತ್ತವೆ, ಆಮೇಲೆ ಎಲ್ಲವೂ ಸ-ಕಾರ್ಡ್‌ಗೆ ಬಂದು ಸೇರುತ್ತದೆ. ಈ ಇಳಿತಕ್ಕಾಗಿ ಕಾಯುವುದನ್ನು ಕಲಿತ ಮೇಲೆ ಎರಡನೆಯ ಇನ್ವರ್ಷನ್ ನನಗೆ ತಪ್ಪಿಹೋದದ್ದು ಅಪರೂಪ.

ಕಿವಿ ಸೋಲಲೇಬೇಕಾದ ಕಡೆಯೂ ಒಂದಿದೆ. ಆಗ್ಮೆಂಟೆಡ್ ಕಾರ್ಡ್‌ನ ಸ್ವರಗಳ ನಡುವೆ 4, 4 ಸ್ವರಸ್ಥಾನಗಳ ಸಮಾನ ಅಂತರವಿದ್ದು, ಅದನ್ನು ಹೇಗೆ ತಿರುಗಿಸಿದರೂ ಅಂತರ ಬದಲಾಗದ ಕಾರಣ, ಬಿಡಿಯಾಗಿ ನುಡಿಸಿದಾಗ ಅದರ ಇನ್ವರ್ಷನ್ ಹೇಳುವುದು ಯಾರಿಂದಲೂ ಆಗದು.

ಈಗ ನಾಲ್ಕು ಸ್ವರಗಳ ಪ-ನಿ-ರಿ-ಮ ಕಾರ್ಡ್‌ನ ಮೂರನೆಯ ಇನ್ವರ್ಷನ್ ಮೇಲೆ ಕೆಲಸ ಮಾಡುತ್ತಿದ್ದೇನೆ. ಅದರಲ್ಲಿ ಮ ತಳದಲ್ಲಿರುತ್ತದೆ, ಸಾಮಾನ್ಯವಾಗಿ ಪಕ್ಕದ ಗ ಕ್ಕೆ ಇಳಿಯುತ್ತದೆ. ಕಳೆದ ವಾರ ಒಂದು ಧ್ವನಿಮುದ್ರಣವನ್ನು ಕೇಳುತ್ತ ಬೇಸನ್ನು ಗುನುಗುತ್ತಿದ್ದಾಗ, ಮ ದ ಮೇಲಿದ್ದ ನನ್ನ ಧ್ವನಿ ಹಾಡಿಗಿಂತ ಅರೆಕ್ಷಣ ಮೊದಲೇ ಗ ಕ್ಕೆ ಇಳಿದಿತ್ತು. ಹಾಡು ಬಂದು ನಿಂತದ್ದು ಸ-ಕಾರ್ಡ್‌ನ ಮೊದಲ ಇನ್ವರ್ಷನ್ ಮೇಲೆ.